ಹೊಗೆ ಕಾಣದ ಬಾಡು

ಮಹಾಲಯ ಅಮಾವಾಸ್ಯೆಗೆ ಇನ್ನೂ ಮೂರು ವಾರ ಇರುವಾಗಲೇ ಕೆಂಚಮ್ಮ ಮಾತು ತೆಗೆದಳು. ಎಲ್ಲರೂ ಊಟಕ್ಕೆ ಕೂತಿದ್ದರು. ಸೊಸೆ ಶಿವನಂಜಮ್ಮ ಹುರುಳಿ ಸಾರು ಬಡಿಸುತ್ತಿದ್ದಳು.

"ಈ ಸಲ ಗುಳಿ ಇಲ್ಲೇ ತೋಡ್ಬೇಕು ಕಣ್ ಮಗ. ನಿಮ್ಮಪ್ಪನ್ನ ಹಿರೀಕರ ಜೊತೆ ಸೇರ್ಸೋ ವರ್ಷ."

ಮುದ್ದೆ ಮುರಿಯುತ್ತಿದ್ದ ಮಹದೇವು ಕೈ ನಿಲ್ಲಿಸಿದ. ಅವನು ಮೊದಲು ನೋಡಿದ್ದು ತಾಯಿಯ ಮುಖವನ್ನಲ್ಲ, ಗೋಡೆಯನ್ನು. ಗೋಡೆಯಾಚೆ ಮನೆ ಮಾಲೀಕರ ಅಡುಗೆಮನೆ. ಇಲ್ಲಿ ಸೀನಿದರೆ ಅಲ್ಲಿ ಕೇಳಿಸುತ್ತಿತ್ತು.

ಆ ಮನೆ ಸಿಕ್ಕಿದ್ದೇ ಒಂದು ಮಾತಿನ ಮೇಲೆ. ಕೃಷ್ಣಮೂರ್ತಿಪುರಂನಲ್ಲಿ ಒಂದೇ ಕಾಂಪೌಂಡಿನೊಳಗೆ ಮುಂದಿನ ಭಾಗ ಮಾಲೀಕರದು, ಹಿಂದಿನದು ಬಾಡಿಗೆಗೆ. ಹಿತ್ತಿಲು, ಬಾವಿ ಎರಡಕ್ಕೂ ಸೇರಿದ್ದು. ಮಾಲೀಕ ಸದಾಶಿವಯ್ಯನವರಿಗೆ ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ. ಲಿಂಗಪೂಜೆಯಾಗದೆ ನೀರು ಮುಟ್ಟದ ಮನುಷ್ಯ. ಮನೆ ತೋರಿಸಿದ ದಿನವೇ ಅವರು, "ನೀವು ಹೊರಗಡೆ ಏನು ತಿಂತೀರೋ ನನಗೆ ಬೇಡ. ಈ ಕಾಂಪೌಂಡೊಳಗೆ ಮಾತ್ರ ಅದು ಬರಕೂಡದು" ಎಂದಿದ್ದರು. ರೈಲ್ವೆ ವರ್ಕ್‌ಷಾಪಿನಲ್ಲಿ ಗುಮಾಸ್ತನಾಗಿದ್ದ ಮಹದೇವು ಅಂಗಳದಲ್ಲಿದ್ದ ನಲ್ಲಿಯನ್ನೂ, ತೊಲೆಗೆ ತೂಗುಬಿಟ್ಟಿದ್ದ ವಿದ್ಯುತ್ ದೀಪವನ್ನೂ ನೋಡಿ, "ಆಗಲಿ ಸ್ವಾಮಿ" ಎಂದುಬಿಟ್ಟಿದ್ದ. ಅಷ್ಟು ಬೇಗ ಒಪ್ಪಿದವನನ್ನು ಕಂಡು ಸದಾಶಿವಯ್ಯನವರಿಗೇ ಸ್ವಲ್ಪ ಅನುಮಾನ ಬಂದಿರಬೇಕು.

"ಅವ್ವ, ಈ ಮನೇಲಿ ಅದಾಗಲ್ಲ. ಮಾತು ಕೊಟ್ಟಿದ್ದೀನಿ."

"ಯಾರನ್ನ ಕೇಳ್ಕೊಂಡು ಕೊಟ್ಟೆ?"

"ಮನೆ ಬೇಕಿತ್ತು, ಕೊಟ್ಟೆ."

"ನಿಮ್ಮಪ್ಪಂಗೂ ಮನೆ ಬೇಕು ಕಣೋ. ಈ ಸಲ ಎಡೆ ಇಕ್ಕದೆ ಹೋದ್ರೆ ಅತ್ತ ಹಿರೀಕರ ಜೊತೇಲೂ ಇಲ್ಲ, ಇತ್ತ ನಮ್ಮ ಜೊತೇಲೂ ಇಲ್ಲ. ನಡುವೆ ನಿಂತಿರ್ತಾರೆ."

ಕೆಂಚಮ್ಮನ ಗಂಡ ಇಲವಾಲದ ನಿಂಗಯ್ಯ ಯುಗಾದಿ ಕಳೆದ ಮೇಲೆ ತೀರಿಕೊಂಡಿದ್ದ. ಆಮೇಲೆ ಕೆಂಚಮ್ಮ ದೊಡ್ಡ ಮಗನ ಮನೆಗೆ ಬಂದಳು. ಆ ವಂಶದಲ್ಲಿ ಸತ್ತವರಿಗೆ ಮೊದಲ ಮಹಾಲಯದ ಎಡೆಯೆಂದರೆ ಬೇರೆಯವರ ಮನೆಗಳ ಹಾಗೆ ಕೋಳಿ ಸಾರು, ಕಜ್ಜಾಯ ಇಟ್ಟರೆ ಮುಗಿಯುತ್ತಿರಲಿಲ್ಲ. ಗುಳಿ ಬಾಡು ಆಗಬೇಕು. ನೆಲದಲ್ಲಿ ಗುಳಿ ತೋಡಿ, ಕೆಂಡ ಮಾಡಿ, ಕಾದ ಕಲ್ಲಿನ ಮೇಲೆ ಖಾರ ಮೆತ್ತಿದ ಆಡಿನ ಮಾಂಸವನ್ನು ಮುತ್ತುಗದ ಎಲೆಯಲ್ಲಿ ಸುತ್ತಿಟ್ಟು, ಮೇಲೆ ಮಣ್ಣು ಮೆತ್ತಬೇಕು. ಒಂದು ಎಳೆ ಹೊಗೆಯೂ ಕಾಣಕೂಡದು. ಅದೂ ಎಲ್ಲೋ ಅಲ್ಲ, ದೊಡ್ಡ ಮಗನ ಒಲೆ ಉರಿಯುವ ಮನೆಯ ಹಿತ್ತಿಲಲ್ಲೇ. ಹಿರಿಯರು ಒಲೆ ಹುಡುಕಿಕೊಂಡು ಬರುತ್ತಾರೆ, ಊರನ್ನಲ್ಲ.

ಮಹದೇವು ಆಗಲ್ಲ ಎಂದ. ಮರುದಿನದಿಂದ ಕೆಂಚಮ್ಮ ಆ ಮನೆಯ ಸಾರು ಮುಟ್ಟುವುದನ್ನು ಬಿಟ್ಟಳು. ಮುದ್ದೆಗೆ ಮಜ್ಜಿಗೆ, ಒಂದು ಹಸಿಮೆಣಸಿನಕಾಯಿ, ಅಷ್ಟೇ. ಸೊಸೆ ಏನು ಮಾಡಿ ಬಡಿಸಿದರೂ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದಳು.

ಅದರ ಬಿಸಿ ತಟ್ಟಿದ್ದು ಶಿವನಂಜಮ್ಮನಿಗೆ. ಅಡುಗೆ ಮಾಡುವವಳು ಅವಳು, ಉಳಿದ ಸಾರನ್ನು ಮರುದಿನ ಉಣ್ಣುವವಳೂ ಅವಳೇ. ನಾಲ್ಕು ದಿನ ಹಲ್ಲು ಕಚ್ಚಿಕೊಂಡಿದ್ದಳು. ಐದನೆಯ ದಿನ ಗಂಡ ಕೆಲಸದಿಂದ ಬಂದು ಹಸಿವಿಲ್ಲ ಎಂದಾಗ ಅವಳ ತಾಳ್ಮೆ ಮುಗಿಯಿತು.

"ಹಸಿವು ಯಾಕಾಗುತ್ತೆ? ಮಿಲಿಟ್ರಿ ಹೋಟ್ಲಲ್ಲಿ ಉಂಡು, ವಾಸನೆ ಬರದೆ ಇರ್ಲಿ ಅಂತ ವೀಳ್ಯದೆಲೆ ಜಗಿದು ಬಂದಿದ್ದೀರಿ. ಸಂಬಳ ಬಂದ ವಾರವೆಲ್ಲ ಇದೇ. ನಮಗೆ ಗೊತ್ತಿಲ್ಲ ಅಂದ್ಕೊಂಡ್ರಾ? ನಾನೂ ಸರೋಜನೂ ಬಾಡು ತಿಂದು ಎಷ್ಟು ತಿಂಗಳಾಯ್ತು, ಯೋಚನೆ ಮಾಡಿದ್ದೀರಾ?"

ಮಹದೇವು ಗೋಡೆ ತೋರಿಸಿ ಮೆಲ್ಲಗೆ ಮಾತಾಡು ಎಂದ. ಅವಳು ಮೆಲ್ಲಗೇ ಮುಂದುವರಿಸಿದಳು. ಮೆಲ್ಲಗೆ ಬೈಸಿಕೊಳ್ಳುವುದು ಜೋರಾಗಿ ಬೈಸಿಕೊಳ್ಳುವುದಕ್ಕಿಂತ ಕಷ್ಟ. ಹಾಗಾದರೆ ಗುಳಿ ತೋಡಲೇನು, ನೀನೇ ಹೇಳು ಎಂದು ಅವನು ಕೇಳಿದಾಗ ಅವಳು ಅಂಗಳದ ಕಡೆ ನೋಡಿದಳು. ಬೆಳಗಿನ ಜಾವ ಬಾವಿ ಸೇದುವ ಕೆಲಸ ತಪ್ಪಿಸಿದ ನಲ್ಲಿ, ಮಗಳು ಸರೋಜಳ ಹೈಸ್ಕೂಲಿಗೆ ನಡೆದು ಹೋಗುವಷ್ಟು ಹತ್ತಿರದ ದಾರಿ, ಎಲ್ಲವೂ ಅವಳ ಕಣ್ಣ ಮುಂದೆ ಬಂದವು.

"ನನಗೆ ಮನೆಯೂ ಬೇಕು, ಬಾಡೂ ಬೇಕು," ಎಂದಳು ಕೊನೆಗೆ. "ಎರಡರಲ್ಲಿ ಒಂದೇ ಅಂದ್ರೆ, ಮನೆ."

ಒಳಕೋಣೆಯಲ್ಲಿದ್ದ ಕೆಂಚಮ್ಮನಿಗೆ ಇದು ಕೇಳಿಸಿತು. ಅವಳಿಗೆ ಕೇಳಿಸಲೆಂದೇ ಆಡಿದ್ದು ಕೂಡ.

ಭಾನುವಾರ ಮಹದೇವು ಬಸ್ಸು ಹತ್ತಿ ಇಲವಾಲಕ್ಕೆ ಹೋದ. ತಮ್ಮ ಪುಟ್ಟಣ್ಣನ ಮನೆ ಅಲ್ಲಿತ್ತು, ಹಿತ್ತಿಲೂ ದೊಡ್ಡದು, ಗೋಡೆಯಾಚೆ ಕಿವಿಗೊಡುವವರಿಲ್ಲ. ಈ ವರ್ಷದ ಎಡೆ ನೀನೇ ಇಟ್ಟುಬಿಡು ಎಂದು ಕೇಳಿದ. ಪುಟ್ಟಣ್ಣ ಎಮ್ಮೆ ಮೈ ತೊಳೆಯುತ್ತಿದ್ದವನು ತಲೆಯೆತ್ತದೆ ಹೇಳಿದ:

"ನಂದು ಕಿರಿಯೋನ ಒಲೆ. ಅಪ್ಪ ದಾರಿ ತಪ್ಪಿ ಇತ್ಲಾಗ್ ಬಂದ್ರೆ ಬ್ಯಾಡ ಅಂತೀನಾ? ಆದ್ರೆ ಅವರು ದಾರಿ ತಪ್ಪೋ ಪೈಕಿ ಅಲ್ಲ ಕಣಣ್ಣ."

ಹೊರಡುವಾಗ ಪುಟ್ಟಣ್ಣ ಕೇಳದೆಯೇ ಒಂದು ಕಟ್ಟು ಮುತ್ತುಗದ ಎಲೆ ತಂದು ಅಣ್ಣನ ಕಂಕುಳಿಗೆ ಸಿಕ್ಕಿಸಿದ. ಬೇಡವೆಂದರೂ ಬಿಡಲಿಲ್ಲ. ಮಹದೇವು ಅದನ್ನು ದಾರಿಯಲ್ಲಿ ಎಸೆಯಬಹುದಿತ್ತು. ಎಸೆಯಲಿಲ್ಲ. ಮನೆಗೆ ತಂದು ಮೂಲೆಯಲ್ಲಿಟ್ಟ. ಕೆಂಚಮ್ಮ ಎಲೆ ನೋಡಿದಳು, ಒದ್ದೆ ಗೋಣಿ ಹೊದಿಸಿದಳು.

ಹಗಲು ಹೊತ್ತು ಕೆಂಚಮ್ಮನಿಗಿದ್ದ ಒಬ್ಬಳೇ ಗೆಳತಿಯೆಂದರೆ ಸದಾಶಿವಯ್ಯನವರ ಹೆಂಡತಿ ಗಿರಿಜಾಂಬಾ. ಬೆಳಗಿನ ಕೆಲಸ ಮುಗಿದ ಮೇಲೆ ಇಬ್ಬರೂ ಹಿತ್ತಿಲ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಗಂಡ ಸತ್ತು ಬಂದ ಹೊಸದರಲ್ಲಿ ಯಾರೊಂದಿಗೂ ಮಾತಾಡದಿದ್ದ ಕೆಂಚಮ್ಮನನ್ನು ಎಳೆದು ತಂದು ಕೂರಿಸಿಕೊಂಡದ್ದು ಆಕೆಯೇ. ಹಣೆಗೆ ವಿಭೂತಿ ಹಚ್ಚಿ, ಅತ್ತುಬಿಡಿ ಕೆಂಚಮ್ಮನೋರೇ, ಒಳಗಿಟ್ಟುಕೊಂಡರೆ ಹುಳಿಯುತ್ತೆ ಎಂದಿದ್ದರು. ಅವತ್ತು ಕೆಂಚಮ್ಮ ನಿಜವಾಗಿ ಅತ್ತಿದ್ದಳು.

ಈಗ ಗಿರಿಜಾಂಬಾ ಸಂಭ್ರಮದಲ್ಲಿದ್ದರು. ಮಗಳ ಮದುವೆ ಚಾಮರಾಜನಗರದ ಕಡೆ ಗೊತ್ತಾಗಿತ್ತು. ಬೀಗರು ದಸರಾ ನೋಡಲು ಬರುವವರಿದ್ದರು, ಅಮಾವಾಸ್ಯೆಯ ಮರುದಿನ. ಅಮಾವಾಸ್ಯೆಯ ದಿನ ತಾವೆಲ್ಲ ಮಠಕ್ಕೆ ಹೋಗಿ ಪೂಜೆ, ಪ್ರಸಾದ ಮುಗಿಸಿಕೊಂಡು ಬರುವುದು ದೀಪ ಹಚ್ಚುವ ಹೊತ್ತು ದಾಟುತ್ತದೆ, ಮನೆ ಕಡೆ ಸ್ವಲ್ಪ ನೋಡ್ಕೊಳ್ಳಿ ಎಂದರು. ಕೆಂಚಮ್ಮನ ಕೈ ಮೊರದಲ್ಲೇ ನಿಂತಿತು. ಹೇಳಿಬಿಡಲೇ ಎನ್ನಿಸಿತು. ಹೇಳಲಿಲ್ಲ. ಅವತ್ತು ಆರಿಸಿದ ಅಕ್ಕಿಯಲ್ಲಿ ಸೊಸೆಗೆ ಅನ್ನದ ಜೊತೆ ಮೂರು ಕಲ್ಲು ಸಿಕ್ಕವು.

ಸಂಜೆ ಸುದ್ದಿ ಮಗನಿಗೆ ಮುಟ್ಟಿತು. ಬೆಳಿಗ್ಗೆಯಿಂದ ದೀಪದ ಹೊತ್ತಿನವರೆಗೆ ಕಾಂಪೌಂಡಿನಲ್ಲಿ ನಾವೇ.

"ಸಿಕ್ಕಿಬಿದ್ರೆ?" ಎಂದ ಮಹದೇವು.

"ಕುದ್ರೆ ದಂಡಿಗೇ ಸಿಕ್ಕದ ಬಾಡು ಕಣೋ ಅದು."

ಆ ಕಥೆಯನ್ನು ಸರೋಜ ಎಷ್ಟೋ ಸಲ ಕೇಳಿದ್ದಳು. ಹದಿನೈದರ ಹುಡುಗಿ, ಚರಿತ್ರೆಯ ಪುಸ್ತಕದಲ್ಲಿ ಹುಡುಕಿಯೂ ಇದ್ದಳು, ಸಿಕ್ಕಿರಲಿಲ್ಲ. ಯಾವ ಅರಸು, ಯಾರ ದಂಡು, ಅಜ್ಜಿಗೂ ಗೊತ್ತಿಲ್ಲ. ಕಂದಾಯ ಕಟ್ಟಲಾಗದ ಒಕ್ಕಲನ್ನು ಹಿಡಿದು ಬೆನ್ನ ಮೇಲೆ ಬಂಡೆ ಹೊರಿಸುತ್ತಿದ್ದ ಕಾಲವಂತೆ. ಇವರ ಹಿರೀಕರು ಆಡುಕುರಿ, ಮಕ್ಕಳನ್ನು ಕಟ್ಟಿಕೊಂಡು ಹುಣಸೂರು ಕಡೆಯ ಕಾಡು ಸೇರಿದರಂತೆ. ಹೊಗೆ ಕಂಡರೆ ಕುದುರೆ ಬರುತ್ತದೆ, ಅದಕ್ಕೇ ನೆಲದೊಳಗೆ ಬೇಯಿಸಿದ್ದು. ಉಪ್ಪು ತರಲು ಸಂತೆಗೆ ಹೋದವರು ತಿರುಗಿ ಬರಲಿಲ್ಲ, ಅದಕ್ಕೇ ಗುಳಿ ಬಾಡಿಗೆ ಉಪ್ಪಿಲ್ಲ. ಬರೀ ಕಾಡುಮೆಣಸು, ಸೂಜಿ ಮೆಣಸಿನಕಾಯಿ, ಹುಣಸೆ ಹುಳಿ. ಮಾಂಸ ಕೆಡದಿರಲೆಂದು ಆ ಖಾರ. ಈಗ ಯಾವ ಅಂಗಡಿಯಲ್ಲೂ ಉಪ್ಪು ಸಿಗುತ್ತದೆ, ಆದರೂ ಹಾಕುವುದಿಲ್ಲ.

"ಅವರು ಪ್ರಾಣಕ್ಕೆ ಹೆದರಿ ಬಚ್ಚಿಟ್ಕೊಂಡ್ರು," ಎಂದಳು ಕೆಂಚಮ್ಮ. "ನೀನು ಯಾತಕ್ಕೆ ಹೆದರ್ತಿದ್ದೀಯ ಮಗ?"

ಮಹದೇವುವಿನ ದನಿಯಲ್ಲಿ ಸಿಟ್ಟಿರಲಿಲ್ಲ.

"ನಲ್ಲಿ ನೀರಿಗೆ ಅವ್ವ. ಸರೋಜನ ಇಸ್ಕೂಲಿಗೆ. ಇನ್ನೊಂದು ಮನೆ ಹುಡುಕ್ಕೊಂಡು ಹೋಗಿ, ಬಾಗಿಲಲ್ಲಿ ನಿಂತು, ನೀವು ಯಾವ ಜನ, ಏನು ತಿಂತೀರಿ ಅಂತ ಕೇಳಿಸ್ಕೊಳ್ಳೋದಿದೆಯಲ್ಲ, ಅದಕ್ಕೆ. ಹನ್ನೊಂದು ಮನೆ ಬಾಗಿಲಲ್ಲಿ ಕೇಳಿಸ್ಕೊಂಡಿದ್ದೀನಿ."

ಕೆಂಚಮ್ಮನಿಗೆ ಇದು ಗೊತ್ತಿರಲಿಲ್ಲ. ಮಗನ ತಲೆ ಸವರಬೇಕೆನ್ನಿಸಿತು. ಆದರೆ ಪಟ್ಟು ಸಡಿಲಿಸಲಿಲ್ಲ. ಮಹದೇವುವೇ ಸಡಿಲಿಸಿದ. ಹೊಗೆ ಕಾಣಬಾರದು, ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿದು ಹಿತ್ತಿಲು ಸಾರಿಸಿರಬೇಕು ಎಂದ. ಶಿವನಂಜಮ್ಮ ಗಂಡನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ, ನೀವಿಬ್ಬರೂ ಸೇರಿ ನನ್ನನ್ನು ಬೀದಿಗೆ ನಿಲ್ಲಿಸುತ್ತೀರಿ ಎಂದು ಹೇಳಿ ಪಾತ್ರೆ ತೊಳೆಯಲು ಹೋದಳು. ಅವತ್ತು ಪಾತ್ರೆಗಳು ಬಹಳ ಸದ್ದು ಮಾಡಿದವು.

ಅಮಾವಾಸ್ಯೆಯ ದಿನ ಮಾಲೀಕರ ಮನೆಯವರು ಜಟಕಾದಲ್ಲಿ ಮಠಕ್ಕೆ ಹೊರಟರು. ಬೀಗ ಬಿದ್ದ ಸದ್ದು ಕೇಳಿ ಹಿಂದಿನ ಮನೆ ಎದ್ದು ಕೂತಿತು. ಮಾಂಸ ತಂದದ್ದು ಶಿವನಂಜಮ್ಮ, ದಂಟಿನ ಸೊಪ್ಪಿನ ಕೆಳಗೆ ಬುಟ್ಟಿಯಲ್ಲಿ ಮುಚ್ಚಿ. ಬೀದಿಯಲ್ಲಿ ಯಾರೋ, ಸೊಪ್ಪು ಎಳೆಯದಾಗಿದೆ, ಎಲ್ಲಿ ತಂದ್ರಿ ಎಂದು ಬುಟ್ಟಿಗೆ ಕೈ ಹಾಕಲು ಬಂದರಂತೆ. ಮನೆಗೆ ಬಂದವಳೇ ಬಾಗಿಲ ಅಗಣಿ ಹಾಕಿದಳು. ಕೆಂಚಮ್ಮ ಖಾರ ಅರೆದಳು. ಘಾಟಿಗೆ ಹೆಂಗಸರು ಮೂವರೂ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಗುಳಿ ಗಂಡಸಿನ ಕೆಲಸ. ನಿಂಗಯ್ಯ ಇರುವವರೆಗೆ ಅದನ್ನು ಅವನೇ ಮಾಡುತ್ತಿದ್ದ. ಮಹದೇವು ಹಾಸ್ಟೆಲಿನಲ್ಲಿ ಓದಿ ಬೆಳೆದವನು, ಹಬ್ಬಕ್ಕೆ ಹೋಗಿ ಉಂಡು ಬಂದದ್ದೇ ಹೊರತು ಸನಿಕೆ ಹಿಡಿದವನಲ್ಲ. ಆದರೂ ಅವತ್ತು ಅಂಗಿ ಬಿಚ್ಚಿ ನಿಂತ. ಬೀದಿಗೂ ಅಕ್ಕಪಕ್ಕದ ಮಹಡಿಗಳಿಗೂ ಕಾಣದ ಜಾಗ ಒಂದೇ ಇತ್ತು, ಬಾವಿಕಟ್ಟೆಯ ಪಕ್ಕದ ಮೂಲೆ. ಅಲ್ಲೇ ತೋಡಿದ. ತಾಯಿ ಜಗಲಿಯಲ್ಲಿ ಕೂತು, ಒಣಗಿದ ಹುಣಸೆ ಸೌದೆಯನ್ನೇ ಹಾಕು, ಹಸಿ ಬೇಡ, ಕೆಂಡದ ಮೇಲೆ ಬಿಳಿ ಬೂದಿ ಕೂರುವ ತನಕ ತಾಳು ಎಂದು ಹೇಳುತ್ತಾ ಹೋದಳು. ಎಲೆಯ ಗಂಟು ಇಟ್ಟು, ಚಪ್ಪಡಿ ಮುಚ್ಚಿ, ಸಂದುಸಂದಿಗೆ ಜೇಡಿ ಮೆತ್ತಿ, ಮೇಲೆ ಒಣ ಮಣ್ಣು ಹರಡಿ, ಪೊರಕೆಯಲ್ಲಿ ಸಮ ಮಾಡಿದ. ಅಲ್ಲಿ ಏನಾದರೂ ಇದೆಯೆಂದು ಅವನಿಗೇ ಗುರುತು ಸಿಗುತ್ತಿರಲಿಲ್ಲ. ಸರೋಜ ನೆಲದ ಮಟ್ಟಕ್ಕೆ ಬಗ್ಗಿ ನೋಡಿದಳು. ಹೊಗೆಯ ಸುಳಿವೇ ಇರಲಿಲ್ಲ.

"ಥೇಟ್ ನಿಮ್ಮಪ್ಪನೇ," ಎಂದಳು ಕೆಂಚಮ್ಮ. ಮಹದೇವು ಕೈಯ ಮಣ್ಣು ತೊಳೆಯುವುದನ್ನು ಮರೆತು ಸ್ವಲ್ಪ ಹೊತ್ತು ಹಾಗೇ ಕೂತ. ಅಷ್ಟು ಸಂತೋಷವಾಗಿತ್ತು.

ಸೂರ್ಯ ಇಳಿಯುವ ಮೊದಲೇ ಬೀದಿಯಲ್ಲಿ ಜಟಕಾ ನಿಂತಿತು. ಒಂದಲ್ಲ, ಎರಡು. ಬೀಗರು ಒಂದು ದಿನ ಮುಂಚೆ ಹೊರಟು ಬಂದಿದ್ದರು. ಮಠದಲ್ಲಿ ಸುದ್ದಿ ತಿಳಿದು ಸದಾಶಿವಯ್ಯನವರು ಪ್ರಸಾದಕ್ಕೂ ನಿಲ್ಲದೆ ಓಡಿಬಂದಿದ್ದರು. ಮುಂದಿನ ಮನೆಯ ತುಂಬ ಟ್ರಂಕಿನ ಸದ್ದು, ಉಪಚಾರದ ಮಾತು, ಮಕ್ಕಳ ಗಲಾಟೆ.

ಹಿಂದಿನ ಮನೆಯಲ್ಲಿ ನಾಲ್ವರೂ ಬಾವಿಕಟ್ಟೆಯ ಮೂಲೆಯತ್ತ ನೋಡಿದರು. ದೀಪದ ಹೊತ್ತಿನೊಳಗೆ ಗುಳಿ ತೆಗೆಯಲೇಬೇಕು. ತೆಗೆದರೆ ಪರಿಮಳ ಬೀದಿ ಕೊನೆಯವರೆಗೆ ಹೋಗುತ್ತದೆ. ತೆಗೆಯದಿದ್ದರೆ ಒಳಗೇ ಇದ್ದಿಲು. ನಾನು ಮೊದಲೇ ಬಡ್ಕೊಂಡೆ ಎಂದು ಶಿವನಂಜಮ್ಮ ಶುರು ಮಾಡಿದಳು. ಅಷ್ಟರಲ್ಲಿ ಗಿರಿಜಾಂಬಾ ಕೊಡ ಹಿಡಿದು ಹಿತ್ತಿಲಿಗೆ ಬಂದರು. ಬೀಗರಿಗೆ ಕೈಕಾಲು ತೊಳೆಯಲು ನೀರು ಬೇಕಿತ್ತು, ನಲ್ಲಿ ಆ ಹೊತ್ತಿಗೆ ನಿಂತಿತ್ತು. ಮಡಿಸೀರೆ, ಬರಿಗಾಲು. ನೇರ ಬಾವಿಕಟ್ಟೆಗೆ ನಡೆದು ಮೂಲೆಯಲ್ಲಿ ಕಾಲಿಟ್ಟರು, ಚಟ್ಟನೆ ಹಿಂದೆಗೆದರು.

ಮಹದೇವು ಹೊಗೆಯೊಂದನ್ನೇ ಯೋಚಿಸಿದ್ದ. ನೆಲ ಕಾಯುತ್ತದೆ ಎನ್ನುವುದು ಅವನಿಗೆ ಹೊಳೆದಿರಲಿಲ್ಲ. ಅವರ ಹಿರೀಕರಿಗೂ ಹೊಳೆದಿರಲಾರದು. ಕಾಡಿನಲ್ಲಿ ಗುಳಿಯ ಮೇಲೆ ನೀರು ಸೇದಲು ಯಾರು ಬರುತ್ತಿದ್ದರು?

ಗಿರಿಜಾಂಬಾ ಬಗ್ಗಿ ಅಂಗೈಯಿಂದ ನೆಲ ಮುಟ್ಟಿ ನೋಡಿದರು. "ನೆಲ ಸುಡ್ತಿದೆಯಲ್ಲ," ಎಂದರು.

"ಕಸ ಸುಟ್ಟಿದ್ವಿ ಅಮ್ಮಾರೇ, ಹಬ್ಬ ಅಂತ," ಎಂದ ಮಹದೇವು. ಮಾತು ಮೊದಲೇ ಸಿದ್ಧವಾಗಿತ್ತು.

ಆಕೆ ಅವನ ಕಡೆ ನೋಡಲೇ ಇಲ್ಲ. ಜಗಲಿಯ ಮೇಲಿದ್ದ ಕೆಂಚಮ್ಮನನ್ನು ನೋಡಿದರು. ಕೆಂಚಮ್ಮ ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಆಕೆ ನಂಬುತ್ತಿದ್ದರೋ ಇಲ್ಲವೋ, ನೀರು ಸೇದಿಕೊಂಡು ಹೋಗುತ್ತಿದ್ದರು. ಆದರೆ ವಿಭೂತಿ ಹಚ್ಚಿದ ಆ ಕೈ ಮಣ್ಣಾಗಿದ್ದು ಕಂಡು ಕೆಂಚಮ್ಮನಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಕಸ ಅಲ್ಲ ಕಣ್ರವ್ವ. ನಮ್ಮ ಯಜಮಾನ್ರಿಗೆ ಎಡೆ. ಒಳಗೆ ಬಾಡದೆ."

ಶಿವನಂಜಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಗಿರಿಜಾಂಬಾ ಅಂಗೈಯ ಮಣ್ಣು ಝಾಡಿಸಿ ಕೊಡ ಎತ್ತಿಕೊಂಡರು. ಮುಂದಿನಿಂದ ಸದಾಶಿವಯ್ಯನವರು ನೀರೆಲ್ಲಿ ಎಂದು ಕೂಗಿದರು.

"ನನಗೆ ಹೇಳ್ಬೇಕಾಗಿತ್ತು ಕೆಂಚಮ್ಮನೋರೇ."

"ಹೇಳಿದ್ರೆ ಬ್ಯಾಡ ಅಂತಿದ್ರಿ."

"ಹೌದು," ಎಂದರು ಗಿರಿಜಾಂಬಾ. "ಬೇಡ ಅಂತಿದ್ದೆ."

ಖಾಲಿ ಕೊಡದೊಂದಿಗೇ ಅವರು ತಿರುಗಿ ಹೋದರು. ಆ ಬಾವಿಯ ನೀರನ್ನು ಅವತ್ತು ಬೀಗರಿಗೆ ಕೊಡಲಾರದೆ ಪಕ್ಕದ ಮನೆಯಿಂದ ತರಿಸಿದರೆಂದು ಆಮೇಲೆ ತಿಳಿಯಿತು. ಅಕ್ಕಿ ಆರಿಸುವ ಜಗಲಿ ಇನ್ನು ತನ್ನೊಬ್ಬಳದೇ ಎಂದು ಕೆಂಚಮ್ಮನಿಗೆ ಆಗಲೇ ಗೊತ್ತಾಯಿತು. ಗಂಡ ಸತ್ತಾಗಿನಷ್ಟಲ್ಲದಿದ್ದರೂ, ಅದೇ ಜಾಗದಲ್ಲಿ ನೋವಾಯಿತು.

ಸದಾಶಿವಯ್ಯನವರು ಬಂದರು. ಕೂಗಾಡಲಿಲ್ಲ. ಬೀಗರಿಗೆ ಕೇಳಿಸಬಾರದಲ್ಲ, ಅವರದೂ ಮೆಲುದನಿ.

"ಮಾತು ಕೊಟ್ಟಿದ್ರಿ ಮಹದೇವು."

"ಹೌದು ಸ್ವಾಮಿ, ಕೊಟ್ಟಿದ್ದೆ."

"ಕಾಂಪೌಂಡೊಳಗೆ ಬರಕೂಡದು ಅಂದಿದ್ದೆ. ನೀವು ನೆಲದೊಳಗೇ ಇಟ್ರಿ. ವಿಜಯದಶಮಿ ಕಳೆದ ಮೇಲೆ ಮನೆ ಖಾಲಿ ಮಾಡಿಕೊಡಿ. ಅದನ್ನು ಈಗಲೇ ಎಲ್ಲಾದರೂ ಹೊರಗೆ ಸಾಗಿಸಿ."

ಮಹದೇವು ಮೊದಲ ಮಾತಿಗೆ ತಲೆಯಾಡಿಸಿದ, ತಪ್ಪು ತನ್ನದೇ. ಎರಡನೆಯದಕ್ಕೆ ತಲೆಯಾಡಿಸಲಾಗಲಿಲ್ಲ. "ದೀಪದ ಹೊತ್ತಾಯ್ತು ಸ್ವಾಮಿ. ಎಡೆ ಮುಗಿದ ಮೇಲೆ ಒಂದು ಚೂರೂ ಇಲ್ಲಿರಲ್ಲ," ಎಂದ. ಸದಾಶಿವಯ್ಯನವರು ಒಳಗೆ ಹೋಗಿ ಹಿತ್ತಿಲ ಕಡೆಯ ಕಿಟಕಿಗಳನ್ನು ಒಂದೊಂದಾಗಿ ಹಾಕಿದರು.

ಆಗ ಶಿವನಂಜಮ್ಮ ಗೋಡೆ ಬಿಟ್ಟು ಬಂದಳು. ಮೂರು ವಾರ ಈ ಮನೆಗಾಗಿ ಎಲ್ಲರೊಂದಿಗೂ ಜಗಳವಾಡಿದವಳು ಸೆರಗು ಸಿಕ್ಕಿಸಿಕೊಂಡು ಸನಿಕೆ ಎತ್ತಿಕೊಂಡಳು.

"ಗುಳಿ ಗಂಡಸ್ರ ಕೆಲ್ಸ ಕಣಮ್ಮ," ಎಂದಳು ಕೆಂಚಮ್ಮ.

"ಮನೆಯಂತೂ ಹೋಯ್ತು ಅತ್ತೆ. ಬಾಡಾದ್ರೂ ಸೀಯದೆ ಇರ್ಲಿ," ಎಂದು ಅವಳು ಜೇಡಿಗೆ ಸನಿಕೆ ಹಾಕಿದಳು.

ಚಪ್ಪಡಿ ಸರಿದಾಗ ಎದ್ದ ಪರಿಮಳಕ್ಕೆ ಸರೋಜಳ ಕಣ್ಣು ತುಂಬಿತು. ಮೆಣಸಿನ ಘಾಟೋ, ತಾತನ ನೆನಪೋ, ಅವಳಿಗೂ ತಿಳಿಯಲಿಲ್ಲ. ಮಾಂಸ ಹದವಾಗಿತ್ತು, ಮೂಳೆಯಿಂದ ತಾನಾಗಿ ಬಿಡುತ್ತಿತ್ತು. ನಿಂಗಯ್ಯನ ಪಂಚೆ, ಪೇಟದ ಮುಂದೆ ಎಲೆ ಹಾಸಿ ಕೆಂಚಮ್ಮ ಎಡೆ ಬಡಿಸಿದಳು. ಧೂಪ ಹಾಕಿ ಎಲ್ಲರೂ ಅಡ್ಡಬಿದ್ದರು. ಆಮೇಲೆ ಪದ್ಧತಿಯಂತೆ ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲೆಳೆದುಕೊಂಡರು. ಹಿರಿಯರು ಉಣ್ಣುವಾಗ ಬದುಕಿರುವವರು ನೋಡಬಾರದು.

ನಾಲ್ವರೂ ಹಿತ್ತಿಲಲ್ಲಿ ಸಾಲಾಗಿ ನಿಂತರು. ಮುಂದಿನ ಮನೆಯ ಒಂದು ಕಿಟಕಿ ಸ್ವಲ್ಪ ತೆರೆದು ಮತ್ತೆ ಮುಚ್ಚಿತು. ಇನ್ಯಾರೋ ಮಹಡಿಯಿಂದ ಇಣುಕಿದರು. ಸಾಮಾನ್ಯವಾಗಿ ಒಂದು ವೀಳ್ಯ ಜಗಿಯುವಷ್ಟು ಹೊತ್ತು ಕಾದು ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಅಷ್ಟು ಹೊತ್ತು ಆಗಿತ್ತು. ಯಾರು ಯಾರೋ ನೋಡುತ್ತಿದ್ದಾರೆಂದು ಮಹದೇವುಗೆ ಮೈಯೆಲ್ಲ ಮುಳ್ಳಾಗಿ, ಬಾಗಿಲ ಮೇಲೆ ಕೈಯಿಟ್ಟು ತಾಯಿಯ ಮುಖ ನೋಡಿದ.

"ಇನ್ನೂ ಉಣ್ತಾ ಅವ್ರೆ, ತಡಿ," ಎಂದಳು ಕೆಂಚಮ್ಮ. ದನಿ ತಗ್ಗಿಸಲಿಲ್ಲ. "ಈ ಮನೇಲಿ ನಮ್ಮೋರು ಒಬ್ರಾದ್ರೂ ಗೋಡೆ ನೋಡ್ದೆ ಉಣ್ಲಿ."

ಮಹದೇವು ಬಾಗಿಲಿನಿಂದ ಕೈ ತೆಗೆದ. ಹೆಂಡತಿಯ ಪಕ್ಕಕ್ಕೆ ಬಂದು ನಿಂತುಕೊಂಡ.